ಮೂವತ್ತೆಂಟು ವರ್ಗಾವಣೆ ಪತ್ರಗಳು

ಜನವರಿ ೯

ಮಗಳೇ ಕುಳ್ಳಿ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಆಸ್ಪತ್ರೆಯಲ್ಲಿ ಊರವರ ಮೂಳೆಗಳ ಫೋಟೋ ತೆಗೆಯುವವಳಿಗೆ ಅಪ್ಪನ ಮೂಳೆ ಇನ್ನೂ ನೆಟ್ಟಗಿದೆಯೇ ಎಂದು ಕೇಳಲು ಪುರುಸೊತ್ತಿಲ್ಲ. ನಾನೂ ಬರೆಯಬಾರದು ಎಂದು ಮುಖ ಊದಿಸಿಕೊಂಡಿದ್ದೆ. ಆದರೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ನಿನ್ನ ಅತ್ತೆ ಕೊನೆಗೂ ದೀಕ್ಷಾಸ್ನಾನ ತೆಗೆದುಕೊಂಡಳು. ಅರವತ್ತೊಂದು ವರ್ಷಕ್ಕೆ! ನಲವತ್ತು ವರ್ಷ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಹಾಡನ್ನೂ ಹಾಡಿ, ಕೇಳಿದಾಗಲೆಲ್ಲ "ನನಗಿನ್ನೂ ಅನ್ಸಿಲ್ಲ, ಅನ್ಸಿದಾಗ ಹೇಳ್ತೀನಿ" ಎನ್ನುತ್ತಿದ್ದಳು. ನಾವು ಯಾರೂ ಒತ್ತಾಯ ಮಾಡಲಿಲ್ಲ. ಹೋದ ಭಾನುವಾರ ಎದ್ದು ನಿಂತು, "ಇವತ್ತು ಅನ್ಸಿದೆ" ಎಂದಳು. ಅಷ್ಟೇ ಸಾಕ್ಷಿ. ವೇದಿಕೆಯ ಹಲಗೆ ಎತ್ತಿ ಕೆಳಗಿನ ಸ್ನಾನದ ತೊಟ್ಟಿ ತುಂಬಿಸಿದೆ. ಮೂಲೆಯಲ್ಲಿ ಸೋರುತ್ತಿದ್ದ ಕಡೆ ಮೊನ್ನೆಯಷ್ಟೇ ಸಿಮೆಂಟು ಮೆತ್ತಿದ್ದೆ, ಹನಿ ನೀರು ಆಚೆ ಹೋಗಲಿಲ್ಲ. ಸಭಾಪಾಲಕರು ಅವಳನ್ನು ಮುಳುಗಿಸಿ ಎತ್ತಿದ ಕೂಡಲೇ ಮೊದಲು ಬಾಯಿಂದ ಬಂದ ಮಾತು, "ಪ್ಲಂಬರ್ ತಮ್ಮನಿದ್ದೂ ನೀರು ಕಾಯಿಸೋ ಗತಿ ಇಲ್ವಾ ಇಲ್ಲಿ?" ಸಭೆಯೆಲ್ಲ ನಕ್ಕಿತು. ಸದಸ್ಯರ ಪುಸ್ತಕದಲ್ಲಿ ಅವಳ ಹೆಸರನ್ನು ನಾನೇ ಸಂತೋಷದಿಂದ ಬರೆದೆ. ಈಗ ನಾವು ಮೂವತ್ತೆಂಟು ಜನ.

ಇನ್ನೊಂದು ಸಂಗತಿ. ಹೊಸದಾಗಿ ಆಗಿದೆಯಲ್ಲ, ಸಭೆಗಳ ನೋಂದಣಿ ಇಲಾಖೆ, ಅಲ್ಲಿಂದ ಒಂದು ಫಾರಂ ಬಂದಿದೆ. ಸದಸ್ಯರ ಹೆಸರು, ಮನೆ ವಿಳಾಸ, ದೀಕ್ಷಾಸ್ನಾನದ ತಾರೀಕು ಬೇಕಂತೆ. ಕೊನೆಯ ಅಂಕಣ: "ಹುಟ್ಟಿನಿಂದ ಯಾವ ಸಭೆಗೆ ಸೇರಿದವರು". ಪಾಲಕರು ಅದರಲ್ಲಿ ಮಾತ್ರ ಉತ್ತರ ಬರೆದರು, "ಹುಟ್ಟಿನಿಂದ ಯಾರೂ ಯಾವ ಸಭೆಗೂ ಸೇರಿದವರಲ್ಲ" ಎಂದು. ಉಳಿದದ್ದನ್ನು ಖಾಲಿ ಬಿಟ್ಟು ವಾಪಸು ಕಳಿಸಿದೆವು.

ನಿಮ್ಮ ಸಭೆಗೂ ಆ ಫಾರಂ ಬಂದಿದೆಯಾ? ಬಂದಿದ್ದರೆ ಸದಸ್ಯರ ಕೂಟದಲ್ಲಿ ಏನು ತೀರ್ಮಾನವಾಯಿತು? ಬೇಗ ಬರೆ.

ನಿನ್ನ ಮೇಲೆ ಸ್ವಲ್ಪವೇ ಸಿಟ್ಟಿರುವ,
ಅಪ್ಪ

*

ಜನವರಿ ೨೭

ಅಪ್ಪಾ,

ಅತ್ತೆಯ ಸುದ್ದಿ ಓದಿ ಎಕ್ಸ್-ರೇ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಹೊರಗೆ ಬೆಂಚಿನಲ್ಲಿದ್ದ ಮುರಿದ ಕಾಲಿನ ಮುದುಕರು ತಮ್ಮ ಫಿಲ್ಮ್ ನೋಡಿ ನಗುತ್ತಿದ್ದೇನೆ ಎಂದುಕೊಂಡು ಗಾಬರಿಯಾದರು. ಅತ್ತೆಗೆ ನನ್ನ ಮುತ್ತು ಕೊಡಿ.

ಇಲ್ಲಿ ಎಲ್ಲ ಎಂದಿನಂತೆಯೇ ಇದೆ. ಆ ಫಾರಂ ಇಲ್ಲಿಗೆ ಬಂದಿಲ್ಲ. ಭಾನುವಾರಗಳಂದು ಹೆಚ್ಚಾಗಿ ಡ್ಯೂಟಿ ಬೀಳುತ್ತದೆ, ಆದ್ದರಿಂದ ಸಭೆಯ ಸುದ್ದಿ ನನಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಒಂದು ಮಾತು, ಬಯ್ಯಬೇಡಿ. ಆ ಪಟ್ಟಿ ಕೊಟ್ಟುಬಿಟ್ಟರೆ ಏನಾಗುತ್ತದೆ? ನೀವು ಮೂವತ್ತೆಂಟು ಜನ ಯಾರು ಎಂದು ನಿಮ್ಮ ಬೀದಿಗೆಲ್ಲ ಗೊತ್ತು. ಕಾಗದದ ಮೇಲೆ ಬರೆದರೆ ಹೊಸದಾಗಿ ಏನು ಕೊಟ್ಟಹಾಗಾಯಿತು? ಸುಮ್ಮನೆ ಅವರನ್ನು ಕೆರಳಿಸುವುದು ಯಾಕೆ?

ಮಂಡಿ ನೋವಿಗೆ ನಾನು ಕಳಿಸಿದ ಬ್ಯಾಂಡೇಜು ಕಟ್ಟಿಕೊಳ್ಳುತ್ತಿದ್ದೀರಾ?

ನಿಮ್ಮ ಕುಳ್ಳಿ

*

ಫೆಬ್ರುವರಿ ೨೦

ಕುಳ್ಳಿ,

ನಮ್ಮ ಪಾಲಕರನ್ನು ಹನ್ನೊಂದನೆಯ ತಾರೀಕು ಇಲಾಖೆಗೆ ಕರೆದರು. "ಒಂದು ಗಂಟೆ ಕೆಲಸ, ಊಟಕ್ಕೆ ಬಂದುಬಿಡ್ತೀನಿ" ಎಂದು ಹೆಂಡತಿಗೆ ಹೇಳಿ ಹೋದರು. ಇನ್ನೂ ಬಂದಿಲ್ಲ. ಹೆಂಡತಿ ಹೋಗಿ ಕೇಳಿದರೆ ಅಂಥವರು ಇಲ್ಲಿಗೆ ಬಂದೇ ಇಲ್ಲ ಎನ್ನುತ್ತಾರಂತೆ. ಪಾಲಕರ ಛತ್ರಿ ಮಾತ್ರ ಆ ಬಾಗಿಲ ಹತ್ತಿರ ನಿಂತಿದೆ.

ಅದಾದ ಎರಡನೆಯ ದಿನ ಇಲಾಖೆಯವನೊಬ್ಬ ನನ್ನ ಅಂಗಡಿಗೆ ಬಂದ. ಬಹಳ ಮರ್ಯಾದೆಯ ಮನುಷ್ಯ. ಟೀ ಕುಡಿದ, ತನ್ನ ಮನೆಯ ನಲ್ಲಿ ತೊಟ್ಟಿಕ್ಕುವುದಕ್ಕೆ ಉಪಾಯ ಕೇಳಿದ. ಏಳುವಾಗ, "ಯಜಮಾನ್ರೇ, ಪುಸ್ತಕ ಇರೋದು ನಿಮ್ಮ ಹತ್ರ ತಾನೇ? ಮಾರ್ಚ್ ಮೂವತ್ತೊಂದರೊಳಗೆ ಕೊಟ್ಬಿಡಿ, ನಿಮಗೂ ತಲೆನೋವಿಲ್ಲ ನಮಗೂ ಇಲ್ಲ" ಎಂದ. ಹೋಗುತ್ತಾ ಒಂದು ಕೆಲಸವನ್ನೂ ಒಪ್ಪಿಸಿದ. ಊರಾಚೆ ಮುಚ್ಚಿರುವ ಹಳೇ ಶಾಲೆಗೆ ನಲ್ಲಿ ಹಾಕಬೇಕಂತೆ. ಹೂಂ ಅಂದೆ. ಕೆಲಸ ಕೆಲಸವೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆಯಲ್ಲ. ಇದನ್ನು ನಿನಗೆ ಹೇಳಿಕೊಡದೆ ಬೆಳೆಸಿದೆನೇ?

ನಾವು ಎಲ್ಲಿಂದ ಬಂದವರು ಎಂದು ಕೇಳಿದರೆ ನಮ್ಮ ಸಭೆಯ ಗಾರೆ ಕೆಲಸದವರು, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನಿಂದ ನೇರ ಎನ್ನುತ್ತಾರೆ. ಯೋರ್ದನ್ ಹೊಳೆಯಿಂದ ನಮ್ಮ ತೊಟ್ಟಿಯವರೆಗೆ ಒಂದೇ ಪೈಪಂತೆ. ನಾನು ಪ್ಲಂಬರ್. ಎರಡು ಸಾವಿರ ವರ್ಷ ಎಲ್ಲೂ ಸೋರದ ಪೈಪು ನಾನು ನೋಡಿಲ್ಲ. ನನಗೆ ಗೊತ್ತಿರುವುದು ಇಷ್ಟು: ನಾನೂರು ವರ್ಷದ ಹಿಂದೆ ಒಂದು ದೇಶದಲ್ಲಿ ಹುಟ್ಟಿದ ಪ್ರತಿ ಕೂಸೂ ರಾಜನ ಅಧೀನದ ಚರ್ಚಿನ ಪುಸ್ತಕಕ್ಕೆ ಸೇರುತ್ತಿತ್ತು. ಕಣ್ಣು ಬಿಡುವ ಮೊದಲೇ ತಲೆಯ ಮೇಲೆ ನೀರು, ಪುಸ್ತಕದಲ್ಲಿ ಹೆಸರು. ಅದನ್ನು ಒಪ್ಪದ ಒಂದು ಹಿಡಿ ಜನ ಸಮುದ್ರ ದಾಟಿ ಓಡಿಹೋದರು. ಪರದೇಶದಲ್ಲಿ ಅವರಿಗೆ ನೆಲೆ ಸಿಕ್ಕಿದ್ದು ಒಂದು ರೊಟ್ಟಿ ಕಾರ್ಖಾನೆಯಲ್ಲಿ. ನಂಬಿಕೆ ಬಂದ ಮೇಲೆ ತಾನಾಗಿ ಕೇಳಿ ತೆಗೆದುಕೊಂಡದ್ದೇ ದೀಕ್ಷಾಸ್ನಾನ ಎಂದು ತೀರ್ಮಾನಿಸಿದರು. ಆದರೆ ಕೊಡುವವರು ಯಾರು? ಹಾಗೆ ತೆಗೆದುಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅವರ ಗುರು ತನ್ನ ತಲೆಗೆ ತಾನೇ ನೀರು ಹೊಯ್ದುಕೊಂಡ, ಆಮೇಲೆ ಉಳಿದವರಿಗೆ. ಮುಂದೆ ಅವನಿಗೇ ಅದು ಸರಿಯೋ ತಪ್ಪೋ ಎಂದು ಅನುಮಾನ ಹತ್ತಿತು ಅನ್ನು. ನನಗೆ ಅವನು ಇಷ್ಟವಾಗುವುದೇ ಆ ಕಾರಣಕ್ಕೆ. ಕೆಲವರು ಅವನನ್ನು ಬಿಟ್ಟು ತಮ್ಮ ದೇಶಕ್ಕೆ ಹಿಂತಿರುಗಿದರು. ಅವರಲ್ಲಿ, ನಂಬಿಕೆಯ ವಿಷಯದಲ್ಲಿ ರಾಜನಿಗೆ ಕೆಲಸವಿಲ್ಲ ಎಂದು ಬರೆದವನು ಜೈಲಿಗೆ ಹೋದ, ಆಚೆ ಬರಲಿಲ್ಲ. ಬ್ಯಾಪ್ಟಿಸ್ಟ್, ಅಂದರೆ ಸ್ನಾನದವರು, ಎನ್ನುವ ಹೆಸರು ಕೂಡ ನಾವು ಇಟ್ಟುಕೊಂಡದ್ದಲ್ಲ, ಜನ ಆಡಿಕೊಂಡು ಕರೆದದ್ದು.

ನಮ್ಮ ಪುಸ್ತಕದಲ್ಲಿರುವ ಹೆಸರುಗಳೆಲ್ಲ ಅವರವರ ಬಾಯಿಂದ ಬಂದವು. ಅಪ್ಪ ಮಗಳ ಹೆಸರು ಬರೆಸುವ ಹಾಗಿಲ್ಲ, ಗಂಡ ಹೆಂಡತಿಯದ್ದು ಬರೆಸುವ ಹಾಗಿಲ್ಲ. ಅದನ್ನು ತೆಗೆದು ಇನ್ನೊಬ್ಬರ ಕೈಗೆ ಹಾಕಲು ನಾನು ಯಾರು?

ನಿಮ್ಮ ಕಡೆ ಫಾರಂ ಬಂದಿಲ್ಲ ಎಂದು ಓದಿ ಸಮಾಧಾನವಾಯಿತು. ಎಲ್ಲಾದರೂ ಒಂದು ಕಡೆ ಗಾಳಿ ಆಡುತ್ತಿದೆಯಲ್ಲ, ಸಾಕು.

ಅಪ್ಪ

*

ಮಾರ್ಚ್ ೪

ಅಪ್ಪಾ,

ನೀವು, ಅತ್ತೆ ಇಬ್ಬರೂ ಹೊರಟು ಇಲ್ಲಿಗೆ ಬಂದುಬಿಡಿ. ನನ್ನದು ಒಂದೇ ಕೋಣೆ, ಆದರೆ ಅಡುಗೆ ಮಾಡುವ ಜಾಗದಲ್ಲಿ ನಾನು ಮಲಗುತ್ತೇನೆ. ಇಲ್ಲೂ ನಲ್ಲಿಗಳು ಸೋರುತ್ತವೆ, ನಿಮಗೆ ಕೆಲಸಕ್ಕೆ ಬರವಿಲ್ಲ. ಪುಸ್ತಕವನ್ನು ಒಲೆಗೆ ಹಾಕಿ ಬನ್ನಿ.

ನಿಮಗೆ ಒಂದು ವಿಷಯ ಹೇಳುವುದಿದೆ. ಎರಡು ಸಲ ಬರೆದು ಎರಡು ಸಲವೂ ಹರಿದೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಬನ್ನಿ, ಅಪ್ಪಾ.

ಕುಳ್ಳಿ

*

ಮಾರ್ಚ್ ೧೯

ಮಗಳೇ,

ಹೇಳುವ ವಿಷಯ ಏನೆಂದು ನಾನೇ ಊಹಿಸಿದ್ದೇನೆ. ಹುಡುಗ ಎಂಥವನು? ಆಸ್ಪತ್ರೆಯವನೇ? ನಾನೇನು ಹುಲಿಯೇ, ಬರೆದು ಹರಿಯುವುದಕ್ಕೆ? ಅತ್ತೆ ಆಗಲೇ ನಿನಗೆ ಸ್ವೆಟರ್ ಹೆಣೆಯುತ್ತಿದ್ದಾಳೆ, ಎರಡನೆಯದು ಯಾವ ಅಳತೆಗೆ ಎಂದು ಕೇಳುತ್ತಿದ್ದಾಳೆ.

ಈಗ ಕೇಳು. ಹಳೇ ಶಾಲೆಗೆ ಹದಿನಾರು ನಲ್ಲಿ ಹಾಕಿಸಿದರು. ಪಾಠವಿಲ್ಲದ ಶಾಲೆಗೆ ಇಷ್ಟೊಂದು ನೀರು ಯಾಕೆ ಎಂದುಕೊಂಡೆ, ಕೇಳಲಿಲ್ಲ. ಎಂಟು ಪಾಯಿಖಾನೆ ಹೇಳಿದರು, ಅದನ್ನೂ ಮಾಡಿದೆ. ಮೊನ್ನೆ ಬಡಗಿಯೊಬ್ಬ ಕೊಠಡಿಗಳ ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಎಲ್ಲವೂ ಹೊರಗಡೆಯಿಂದ. ಒಳಗಡೆ ಒಂದೂ ಇಲ್ಲ. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು, ಅಲ್ಲೇ ಇಟ್ಟು ಮನೆಗೆ ಬಂದೆ. ಆಮೇಲೆ ಆ ಕಡೆ ಹೋಗಿಲ್ಲ. ನನಗೆ ಭಯವಾಗಿದೆ, ಮುಚ್ಚಿಡುವುದಿಲ್ಲ.

ಹೋದ ಭಾನುವಾರ ಸದಸ್ಯರ ಕೂಟ ಸೇರಿಸಿದೆವು. ಪುಸ್ತಕ ಸುಡೋಣ ಎಂದರು ಕೆಲವರು. ಸುಟ್ಟರೂ, "ನಿಮ್ಮ ಸದಸ್ಯರು ಯಾರು" ಎಂದು ಪ್ರಮಾಣ ಮಾಡಿಸಿ ಕೇಳಿದರೆ? ಸುಳ್ಳು ಹೇಳಲು ನಮ್ಮಲ್ಲಿ ಒಬ್ಬರಿಗೂ ಬರುವುದಿಲ್ಲ. ಗಾರೆಯವರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಹೆಸರು ಹೊಡೆದುಹಾಕೋಣ ಎಂದರೆ ತಪ್ಪು ಮಾಡದವರ ಹೆಸರು ಹೇಗೆ ಹೊಡೆಯುವುದು?

ಆಗ ನನಗೆ ಹೊಳೆಯಿತು. ಮೂರು ವರ್ಷದ ಹಿಂದೆ ನೀನು ಹೊರಟಾಗ ಏನು ಮಾಡಿದೆವು? ವರ್ಗಾವಣೆ ಪತ್ರ ಬರೆದು ಕೊಟ್ಟೆವು. ಈ ಸಹೋದರಿ ಇಂಥ ದಿನ ದೀಕ್ಷಾಸ್ನಾನ ಹೊಂದಿದವಳು, ಇವಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ ಎಂದು. ನಿಮ್ಮ ಸಭೆಯಿಂದ ಸೇರಿಸಿಕೊಂಡೆವು ಎಂದು ಮರುಪತ್ರ ಬಂತು, ನಿನ್ನ ಹೆಸರಿನ ಮುಂದೆ "ವರ್ಗವಾಗಿದ್ದಾರೆ" ಎಂದು ಬರೆದೆ. ಎಲ್ಲರಿಗೂ ಹಾಗೇ ಮಾಡಿದರೆ? ಎಲ್ಲರನ್ನೂ ನಿಮ್ಮ ಸಭೆಗೆ ವರ್ಗ ಮಾಡುವುದು! ಮೂವತ್ತೊಂದಕ್ಕೆ ಅವರು ಬಂದಾಗ, ಈ ಸಭೆಯಲ್ಲಿ ಒಬ್ಬ ಸದಸ್ಯನೂ ಇಲ್ಲ ಎನ್ನುತ್ತೇನೆ. ಒಂದಕ್ಷರ ಸುಳ್ಳಿಲ್ಲ. ಫಾರಮ್ಮೇ ಬಾರದ ಊರಿನಲ್ಲಿ ನಮ್ಮ ಹೆಸರುಗಳು ತಣ್ಣಗೆ ಕೂತಿರುತ್ತವೆ.

ಎಲ್ಲ ಕೈ ಮೇಲೆದ್ದವು. ಮೂರು ದಿನ ಕೂತು ಒಂದೊಂದಾಗಿ ಬರೆದೆ. ಒಳಗಿರುವ ಪಾಲಕರಿಗೂ ಒಂದು. ನನ್ನದಕ್ಕೆ ಸಹಿ ಯಾರು ಹಾಕಬೇಕು? ಕಾರ್ಯದರ್ಶಿ ನಾನೇ. ತಲೆಗೆ ತಾನೇ ನೀರು ಹೊಯ್ದುಕೊಂಡವನ ಹಾಗೆ ನನ್ನ ಪತ್ರಕ್ಕೆ ನಾನೇ ಸಹಿ ಹಾಕಿಕೊಂಡೆ.

ಇವತ್ತು ಬೆಳಗ್ಗೆ ಮೂವತ್ತೆಂಟನ್ನೂ ಒಂದೇ ಕಟ್ಟಾಗಿ ನಿಮ್ಮ ಕಾರ್ಯದರ್ಶಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಕನ್ನಡಕದ ಅಂಗಡಿಯವರೇ ಅಲ್ಲವೇ ಈಗಲೂ? ಬೇಗ ಮರುಪತ್ರ ಹಾಕಲು ಹೇಳು. ಹೆಮ್ಮೆಯಿಂದ ಹೇಳುತ್ತೇನೆ, ನಿನ್ನ ಅಪ್ಪ ದಡ್ಡನಲ್ಲ.

ಅಪ್ಪ

*

ಮಾರ್ಚ್ ೨೪

ಅಪ್ಪಾ,

ನಿಮ್ಮ ಕಾಗದ ಮಧ್ಯಾಹ್ನ ಬಂತು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿದ್ದೆ, ಹಾಗೇ ಬಿಟ್ಟು ಕನ್ನಡಕದ ಅಂಗಡಿಗೆ ಓಡಿದೆ.

ಹುಡುಗ ಯಾರೂ ಇಲ್ಲ. ಹೇಳಬೇಕಾಗಿದ್ದದ್ದು ಇದು. ಆ ಫಾರಂ ಇಲ್ಲಿಗೆ ಹೋದ ವರ್ಷವೇ ಬಂದಿತ್ತು. ನಮ್ಮ ಸಭೆ ಅದನ್ನು ತುಂಬಿಕೊಟ್ಟು ಲೈಸೆನ್ಸು ತೆಗೆದುಕೊಂಡಿದೆ. ಕೂಟದಲ್ಲಿ ಮತಕ್ಕೆ ಹಾಕಿದರು. ಅದೇ ವಾರ ಆಸ್ಪತ್ರೆಯಲ್ಲಿ ನೋಟಿಸು ಹಚ್ಚಿದ್ದರು, ಲೈಸೆನ್ಸಿಲ್ಲದ ಸಭೆಯವರು ಕೆಲಸದಲ್ಲಿರುವಂತಿಲ್ಲ ಎಂದು. ನಾನು ಕೈ ಎತ್ತಿದೆ, ಅಪ್ಪಾ. ಎಷ್ಟು ಕೈ ಎದ್ದವು ಎಂದು ನನಗೆ ಗೊತ್ತಿಲ್ಲ, ತಲೆ ತಗ್ಗಿಸಿದ್ದೆ. ನನ್ನ ಕೈ ಎದ್ದದ್ದು ಗೊತ್ತು. ಆಮೇಲೆ ಅಲ್ಲಿಗೆ ಹೋಗಲು ಮುಖವಿಲ್ಲದೆ ಬಿಟ್ಟುಬಿಟ್ಟೆ. ನೀವು ಕೇಳಿದಾಗ ಫಾರಂ ಬಂದಿಲ್ಲ ಎಂದು ಬರೆದೆ. ಒಂದು ಸಾಲು. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಕನ್ನಡಕದವರು ಒಬ್ಬ ಹೆಂಗಸಿನ ಕಣ್ಣು ಪರೀಕ್ಷೆ ಮಾಡುತ್ತಿದ್ದರು. "ಕಟ್ಟು ಬಂತಾ?" ಎಂದೆ. "ಶನಿವಾರಾನೇ ಬಂತಮ್ಮ" ಎಂದರು. "ಕೊಡಿ, ವಾಪಸು ಕೊಡಿ" ಎಂದೆ. ಅವರು ಗಾಜು ಬದಲಿಸುತ್ತಾ, ನನ್ನ ಮುಖ ನೋಡದೆ ಹೇಳಿದರು, "ಬೇರೆ ಕಡೆಯಿಂದ ಯಾರು ವರ್ಗವಾಗಿ ಬಂದ್ರೂ ಮೂರು ದಿನದೊಳಗೆ ಇಲಾಖೆಗೆ ತೋರಿಸ್ಬೇಕು. ಲೈಸೆನ್ಸಿನ ಷರತ್ತು. ಇವತ್ತು ಬೆಳಗ್ಗೆ ನಾನೇ ಕೈಯಾರೆ ಕೊಟ್ಟು ಬಂದೆ."

"ಅವರು ನಿಮ್ಮನ್ನ ನಂಬಿ ಕಳ್ಸಿದ್ರು" ಎಂದೆ.

"ಗೊತ್ತಮ್ಮ. ಆದ್ರೆ ಲೈಸೆನ್ಸು ನನ್ನ ಹೆಸರಲ್ಲಿದೆ. ನಂಗೂ ಮಕ್ಕಳಿದಾರೆ." ಆಮೇಲೆ ಆ ಹೆಂಗಸಿಗೆ, "ಈಗ ಕಾಣುತ್ತಾ? ಕೊನೇ ಸಾಲು ಓದಿ" ಎಂದರು.

ಅಪ್ಪಾ, ಮೂವತ್ತೆಂಟು ಹೆಸರು, ಮೂವತ್ತೆಂಟು ತಾರೀಕು, ನಿಮ್ಮ ಕೈಬರಹ. ಅವರು ಕೇಳಿದ್ದೆಲ್ಲವನ್ನೂ ನೀವೇ ಅಂಚೆ ಚೀಟಿ ಹಚ್ಚಿ ಕಳಿಸಿದ ಹಾಗಾಯಿತು. ಕಳಿಸಿದ್ದು ನೀವಲ್ಲ, ನಾನು. ಎಲ್ಲರಿಗೂ ಹೇಳಿ, ಓಡಿಹೋಗಲಿ. ನೀವೂ ಹೊರಡಿ. ಇಲ್ಲಿಗೆ ಬರಬೇಡಿ, ಇನ್ನೆಲ್ಲಿಗಾದರೂ. ತಂತಿ ಕಳಿಸಲು ಹೋದೆ. ನಿಮ್ಮ ಊರಿಗೆ ತಂತಿ ಹೋಗುತ್ತಿಲ್ಲವಂತೆ, ಯಾಕೆ ಎಂದು ಹೇಳಲಿಲ್ಲ. ನಿಮ್ಮ ಕಡೆಗೆ ರೈಲಿನ ಟಿಕೇಟೂ ಕೊಡುತ್ತಿಲ್ಲ.

ನಿಮ್ಮ ಮಗಳು

*

ಏಪ್ರಿಲ್ ೮

ಅಪ್ಪಾ,

ನಿಮ್ಮಿಂದ ಒಂದು ಸಾಲೂ ಇಲ್ಲ. ಬೈದಾದರೂ ಬರೆಯಿರಿ.

ಇದು ನಿಮಗಲ್ಲ, ಸಭೆಗೆ. ನಾನು ಇಲ್ಲಿಯ ಸಭೆಗೆ ರಾಜೀನಾಮೆ ಬರೆದುಕೊಟ್ಟಿದ್ದೇನೆ. ವರ್ಗಾವಣೆ ಪತ್ರ ಕೇಳಿದೆ. ಲೈಸೆನ್ಸಿಲ್ಲದ ಸಭೆಗೆ ಕೊಡುವ ಹಾಗಿಲ್ಲ ಎಂದರು. ಹಾಗಾಗಿ ಯಾವ ಪತ್ರವೂ ಇಲ್ಲದೆ, ನನ್ನ ಮಾತಿನ ಮೇಲೆ ನನ್ನನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಕೇಳುತ್ತೇನೆ. ನಾನು ಸುಳ್ಳು ಹೇಳಿದೆ. ಅದರಿಂದ ನಿಮ್ಮೆಲ್ಲರ ಹೆಸರು ಅವರ ಕೈ ಸೇರಿತು. ಇದನ್ನು ಕೂಟದಲ್ಲಿ ಎಲ್ಲರೆದುರು ಓದಬೇಕು. ಸೇರಿಸಿಕೊಂಡರೆ ಏನು ಬರುತ್ತದೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಯಾರೂ ಹೇಳಿಕೊಟ್ಟದ್ದಲ್ಲ.

ನಿಮ್ಮ ಸಭೆಯಲ್ಲಿ ಹದಿನೇಳನೆಯ ವಯಸ್ಸಿಗೆ ದೀಕ್ಷಾಸ್ನಾನ ಹೊಂದಿದ,
ಪ್ಲಂಬರರ ಮಗಳು

*

ಏಪ್ರಿಲ್ ೧೮

ಕುಳ್ಳಿ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ನಾನು ನಿನಗೆ ಕೊಟ್ಟ ಬೈಗುಳ ಬರೆಯುವಂಥದ್ದಲ್ಲ. ಖಾಲಿ ತೊಟ್ಟಿಯೊಳಗೆ ಇಳಿದು ಬ್ರಷ್ಷು ಹಿಡಿದು, ಕೈ ಸೋಲುವವರೆಗೆ ಉಜ್ಜಿದೆ. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಸಿಟ್ಟು ನಿನ್ನ ಮೇಲೆ ಅರ್ಧ, ಅಷ್ಟು ಜಂಬದಿಂದ ಕಟ್ಟು ಕಟ್ಟಿ ಕಳಿಸಿದ ನನ್ನ ಮೇಲೆ ಅರ್ಧ.

ಮನೆಮನೆಗೆ ಹೋಗಿ ನಾನೇ ಹೇಳಿದೆ. ಬಾಗಿಲಲ್ಲಿ ನಿಂತು, ಹೆಸರು ಅವರ ಕೈ ಸೇರಿದೆ ಎಂದು. ಒಬ್ಬರೂ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಅತ್ತೆ ಮಾತ್ರ, "ನಲವತ್ತು ವರ್ಷ ಕಾದು ಒಳ್ಳೇ ಟೈಮ್ ನೋಡಿ ಇಳಿದೆ ನೋಡು ನೀರಿಗೆ" ಎಂದು ನಕ್ಕಳು. ಎರಡು ಮನೆಯ ಐದು ಜನ ಗುಡ್ಡದ ಕಡೆಯಿಂದ ಹೊರಟುಹೋದರು. ತಲುಪಿದ್ದಾರೆ ಎಂದು ನಂಬಿದ್ದೇನೆ.

ಮೂವತ್ತೊಂದಕ್ಕೆ ಪುಸ್ತಕ ಕೇಳಲು ಯಾರೂ ಬರಲಿಲ್ಲ, ಬೇಕಾಗಿರಲಿಲ್ಲ. ಮರುಪತ್ರ ಬಾರದ ಕಾರಣ ನಮ್ಮ ಹೆಸರುಗಳು ಪುಸ್ತಕದಲ್ಲಿ ಇದ್ದಂತೆಯೇ ಇವೆ. ಹತ್ತನೆಯ ತಾರೀಕು ಎಲ್ಲರ ಮನೆಗೂ ನೋಟಿಸು ಬಂತು. ಇಪ್ಪತ್ತೊಂದರ ಬೆಳಗ್ಗೆ ಹತ್ತಕ್ಕೆ ಹಳೇ ಶಾಲೆಗೆ ಹಾಜರಾಗಬೇಕು. ಎರಡು ಜೊತೆ ಬಟ್ಟೆ, ಒಂದು ಕಂಬಳಿ. ಸಭೆಯ ಪುಸ್ತಕವನ್ನೂ ತರಬೇಕು. ಎಷ್ಟು ದಿನ ಎಂದು ಬರೆದಿಲ್ಲ. ರಸ್ತೆಗೆ ಅಡ್ಡ ಈಗ ಗೇಟು ಹಾಕಿದ್ದಾರೆ. ಈ ಕಾಗದ ಹಾಲಿನ ಲಾರಿಯವರ ಕೈಯಲ್ಲಿ ಬರುತ್ತದೆ.

ನಿನ್ನ ಎರಡನೆಯ ಕಾಗದ ಓದಿ ಒಲೆ ಹಚ್ಚಿದೆ. ನಿಜ ಹೇಳುತ್ತೇನೆ. ಅದನ್ನು ಒಳಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ನೀನು ಆ ಸಭೆಯಲ್ಲೂ ಇಲ್ಲ, ಈ ಸಭೆಯಲ್ಲೂ ಇಲ್ಲ, ಯಾವ ಪುಸ್ತಕದಲ್ಲೂ ಇಲ್ಲದವಳು. ಕೆಲಸ ಹೋದರೂ ಜೀವ ಉಳಿಯುತ್ತದೆ. ಕಾಗದ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಬೆಂಕಿಯೇ ಆರಿಹೋಯಿತು. ಅದು ನನಗೆ ಬರೆದದ್ದಲ್ಲ. ನೀನೇ ಹಾಗೆಂದು ಬರೆದಿದ್ದೀಯ. ನನ್ನ ಮಗಳು ಏನು ನಂಬಬೇಕು, ಎಲ್ಲಿ ಸೇರಬೇಕು ಎಂದು ಅವಳ ಬದಲು ನಾನು ತೀರ್ಮಾನಿಸಿದರೆ, ಆ ಟೀ ಕುಡಿದು ಹೋದವನಿಗೂ ನನಗೂ ಏನು ವ್ಯತ್ಯಾಸ?

ನಿನ್ನೆ ಕೂಟ ಸೇರಿತ್ತು. ನಿನ್ನ ಕಾಗದವನ್ನು ಎಲ್ಲರೆದುರು ಓದಿದೆ. ಸುಳ್ಳು ಹೇಳಿದೆ ಎಂಬ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ, ಪಾಲಕರ ಹೆಂಡತಿ ತೆಗೆದುಕೊಂಡು ಮುಗಿಸಿದರು. ಅವರ ಗಂಡ ಹೋಗಿ ಅರವತ್ತೈದು ದಿನವಾಯಿತು. ಓದಿ ಮುಗಿಸಿ ಅವರೇ, "ಈ ಮಗೂನ ಸೇರಿಸ್ಕೋಬೇಕು ಅಂತ ನಾನು ಕೇಳ್ತೀನಿ" ಎಂದರು. ಗಾರೆಯವರು ಅನುಮೋದಿಸಿದರು.

ನಾನು ಎದ್ದು ನಿಂತು, ಬೇಡ ಎಂದೆ. ಪತ್ರವಿಲ್ಲ, ಎದುರಿಗೆ ಬಂದಿಲ್ಲ, ಹಿಂದೆ ಹೀಗೆ ಸೇರಿಸಿಕೊಂಡದ್ದಿಲ್ಲ ಎಂದು ಬಾಯಿಗೆ ಬಂದ ನಿಯಮವನ್ನೆಲ್ಲ ಹೇಳಿದೆ. ನಿನ್ನ ಅತ್ತೆ ನನ್ನ ಅಂಗಿ ಹಿಡಿದು ಕೂರಿಸಿ, "ಸಾಕು ಮಾರಾಯ, ಮತಕ್ಕೆ ಹಾಕು" ಎಂದಳು.

ಹಾಕಿದೆ. ಮೂವತ್ತೆರಡು ಜನ ಇದ್ದೆವು. ಪರವಾಗಿ ಮೂವತ್ತೊಂದು ಕೈ. ವಿರೋಧಕ್ಕೆ ಎದ್ದದ್ದು ಒಂದು, ನನ್ನದು. ನಮ್ಮಲ್ಲಿ ಬಹುಮತವೆಂದರೆ ಬಹುಮತ, ಕಾರ್ಯದರ್ಶಿ ತನ್ನಿಷ್ಟಕ್ಕೆ ಬರೆಯುವ ಹಾಗಿಲ್ಲ. ಇಪ್ಪತ್ತೊಂದಕ್ಕೆ ಒಯ್ಯಬೇಕಾದ ಪುಸ್ತಕದಲ್ಲಿ, ಮೂವತ್ತೆಂಟರ ಕೆಳಗೆ ನಿನ್ನ ಹೆಸರು ಬರೆದೆ, ಓದಲು ಬರುವ ಹಾಗೆ, ದುಂಡಗೆ.

ಅಪ್ಪ